ಆಟೋರಾಜ ಶಂಕರನಾಗ್ ಡೈರೆಕ್ಟ್ ಮಾಡಿದ್ದಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಶಂಕರನಾಗ್ ಬಗ್ಗೆ ಬಂದಿದ್ದ ಅರ್ಧ ಪುಟದ ಲೇಖನ ಓದಿದೆ. ಓದಿ ಪೇಪರ್ ಮಡಚಿಟ್ಟೆ, ಟೀ ಕುಡಿದೆ, ಮತ್ತೆ ಬಿಚ್ಚಿ ಓದಿದೆ, ಯಾಕಂದ್ರೆ ನನ್ನ ಕನ್ನಡಕದ ನಂಬರ್ ಏನಾದ್ರೂ ಬದಲಾಗಿದ್ಯಾ ಅಂತ ಒಂದ್ ಡೌಟ್ ಬಂತು. ಇಲ್ಲ, ಸರಿಯಾಗೇ ಓದಿದ್ದೆ. ಅವರು ಬರೀ ನಟಿಸಿದ ಆಟೋರಾಜ, ಸಾಂಗ್ಲಿಯಾನ ಮುಂತಾದ ಸಿನಿಮಾಗಳನ್ನ ಶಂಕರನಾಗ್ ನಿರ್ದೇಶನ ಮಾಡಿದ್ದು ಅಂತ ನಿಮ್ಮ ಪತ್ರಿಕೆಯಲ್ಲೇ ಅಚ್ಚಾಗಿದೆ. ಮುಂದಿನ ಪ್ಯಾರಾದಲ್ಲಿ ಅವರು ಕನಸು ಕಂಡಿದ್ದ ಮೆಟ್ರೋ, ಅದರ ಮುಂದಿನದ್ರಲ್ಲಿ ನಂದಿಬೆಟ್ಟದ ರೋಪ್‌ವೇ, ಕೊನೆಗೆ 'ಕನಸುಗಾರ' ಅಂತ ದಪ್ಪ ಅಕ್ಷರ. ಮುಗೀತು. ಮೂವತ್ತು ವರ್ಷದಿಂದ ಅವರು ತೀರ್ಕೊಂಡ ಸೆಪ್ಟೆಂಬರ್ 30ಕ್ಕೊಂದು, ಹುಟ್ಟಿದ ನವೆಂಬರ್ 9ಕ್ಕೊಂದು ಅಂತ ವರ್ಷಕ್ಕೆ ಎರಡು ಸಲ ಇದೇ ಲೇಖನ ಓದ್ತಿದೀನಿ, ಫೋಟೋ ಮಾತ್ರ ಬ್ಲಾಕ್ ಅಂಡ್ ವೈಟ್‌ನಿಂದ ಕಲರ್ ಆಗಿದೆ.

ನಾನು ಸಿನಿಮಾ ಪಂಡಿತ ಅಲ್ಲ, ದಾವಣಗೆರೆಯಲ್ಲಿ ಟಿವಿ ರಿಪೇರಿ ಮಾಡ್ಕೊಂಡು ಜೀವನ ಮಾಡಿದವನು. ಈಗ ಅಂಗಡಿ ಮಗ ನೋಡ್ಕೋತಾನೆ, ಅದೂ ರಿಪೇರಿ ಅಲ್ಲ, ಎಲ್ಇಡಿ ಟಿವಿ ಪ್ಯಾನಲ್ ಹೋದ್ರೆ ರಿಪೇರಿ ಎಲ್ಲಿ ಬಂತು, ಬಿಸಾಕಿ ಹೊಸದು ತಗೋಳಿ ಅಂತಾನೆ. ಇರ್ಲಿ, ಅದು ಬೇರೆ ಪತ್ರದ ಸಬ್ಜೆಕ್ಟು.

ಆಟೋದವರ ಮೇಲೆ ನಂಗೇನೂ ಬೇಜಾರಿಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ. ಬೆಂಗಳೂರಲ್ಲಿ ಮಗಳ ಮನೆಗೆ ಹೋದಾಗೆಲ್ಲ ಹಿಂದೆ ಶಂಕ್ರಣ್ಣನ ಸ್ಟಿಕರ್ ಇರೋ ಆಟೋನೇ ನೋಡಿ ಹತ್ತೋದು ನಾನು, ಏನೋ ಒಂದು ನಂಬಿಕೆ, ಮೀಟರ್ ಹಾಕ್ತಾರೆ ಅಂತ. ಎಲ್ಲ ಸಲನೂ ಹಾಕ್ತಾರೆ ಅಂತಲ್ಲ. ಒಂದ್ಸಲ ಒಬ್ಬ ಹುಡುಗನ್ನ ಕೇಳಿದೆ, ಅಪ್ಪಾ ನಿಂಗೆ ಅವರು ಡೈರೆಕ್ಟ್ ಮಾಡಿರೋದ್ರಲ್ಲಿ ಯಾವ್ದು ಇಷ್ಟ ಅಂತ, ಅವನು ಕನ್ನಡೀಲೇ ನನ್ನ ನೋಡಿ 'ಆಟೋರಾಜ ಸಾರ್, ಇನ್ಯಾವ್ದು' ಅಂದ. ಅವನು ಅಂದಿದ್ದು ಸರಿ, ಅವನಿಗೆ ಶಂಕರನಾಗ್ ಅಂದ್ರೆ ಖಾಕಿ ಶರ್ಟ್ ಹಾಕ್ಕೊಂಡು ತನ್ನ ಕೆಲಸಕ್ಕೆ ಮರ್ಯಾದೆ ತಂದ್ಕೊಟ್ಟ ಮನುಷ್ಯ, ಅದಕ್ಕಿಂತ ಜಾಸ್ತಿ ಅವನಿಗೆ ಬೇಕಾಗಿಲ್ಲ. ಆದ್ರೆ ಪತ್ರಿಕೆಯವರಿಗೆ ಬೇಕಲ್ವಾ? ಆಟೋ ಓಡ್ಸೋನು ಹೇಳಿದ್ದನ್ನೇ ನೀವೂ ಬರೆದ್ರೆ ಅವನು ಆಟೋ ಓಡಿಸ್ತಾ ಹೇಳ್ತಾನೆ, ನೀವು 7 ರೂಪಾಯಿ ತಗೊಂಡು ಹೇಳ್ತೀರ, ಅಷ್ಟೇ ವ್ಯತ್ಯಾಸ.

ನನಗೆ ಶಂಕರನಾಗ್ ಅನ್ನೋ ಡೈರೆಕ್ಟರ್ ಪರಿಚಯ ಆಗಿದ್ದು ಟಾಕೀಸಲ್ಲಲ್ಲ, ಸಾಲ್ಡರಿಂಗ್ ಐರನ್ ಕೈಯಲ್ಲಿ ಹಿಡ್ಕೊಂಡಾಗ. 1986-87ರ ಆಸುಪಾಸು, ನಾನಾಗ ಒಬ್ಬರ ಅಂಗಡಿಯಲ್ಲಿ ಹೆಲ್ಪರ್, ಆಂಟೆನಾ ಪೈಪ್ ಹೊತ್ಕೊಂಡು ಮಾಳಿಗೆ ಹತ್ತೋ ಹುಡುಗ. ಮೇಲೆ ನಾನು ತಿರುಗಿಸೋದು, ಕೆಳಗೆ ಮನೆಯವರು ಕಿಟಕಿಯಿಂದ 'ಬಂತು ಬಂತು, ಹೋಯ್ತು, ಇನ್ನೊಂಚೂರು, ಹಾಂ ಅಲ್ಲೇ ಬಿಡು' ಅಂತ ಕೂಗೋದು. ಟಿವಿ ಅಂದ್ರೆ ದೂರದರ್ಶನ ಒಂದೇ. ಮರದ ಶಟರ್ ಇರೋ ಡಬ್ಬ, ಪಕ್ಕದಲ್ಲಿ ಗುಂಯ್ ಅನ್ನೋ ಸ್ಟೆಬಿಲೈಸರ್. ಆ ಟೈಮಲ್ಲಿ ಶಂಕರನಾಗ್ ಡೈರೆಕ್ಟ್ ಮಾಡಿದ ಮಾಲ್ಗುಡಿ ಡೇಸ್ ಸೀರಿಯಲ್ಲು ಶುರುವಾಯ್ತು.

ನಂಬ್ತೀರೋ ಇಲ್ವೋ, ನಮ್ಮ ಅಂಗಡಿಗೆ ಆ ಸೀರಿಯಲ್ಲು ಒಂದು ಟೆಸ್ಟಿಂಗ್ ಮೆಷಿನ್ ಆಗಿತ್ತು. ಶುರುವಿನಲ್ಲಿ ಟೈಟಲ್ ಬರುವಾಗ ಆರ್.ಕೆ. ಲಕ್ಷ್ಮಣ್ ಬರೆದ ಗೆರೆ ಚಿತ್ರಗಳು ಬರ್ತಿದ್ವಲ್ಲ, ಕಪ್ಪು ಗೆರೆ, ಮನೆ, ಮರ, ಜನ. ರಿಪೇರಿ ಆದ ಸೆಟ್ಟಲ್ಲಿ ಆ ಗೆರೆ ಮೂಲೆಯಲ್ಲಿ ಸೊಟ್ಟ ಆಯ್ತು ಅಂದ್ರೆ ಪಿಕ್ಚರ್ ಇನ್ನೂ ಸೆಟ್ ಆಗಿಲ್ಲ ಅಂತ ಅರ್ಥ, ತಲೆ ಉದ್ದ ಆಗಿ ಕಾಲು ಗಿಡ್ಡ ಆದ್ರೆ ಸೆಟ್ಟಿನ ಹಿಂದಿರೋ ಪ್ರೀಸೆಟ್ ಅನ್ನೋ ತಿರುಪು ಇನ್ನೊಂಚೂರು ತಿರುಗಿಸ್ಬೇಕು. ಎಲ್. ವೈದ್ಯನಾಥನ್ ಅವರ ಆ ತಾನ ನನ ಟ್ಯೂನ್ ಸ್ಪೀಕರ್ ಟೆಸ್ಟಿಗೆ. ಆ ಗಂಟಲಿನ ದನಿ ಒಡೆದು ಕೇಳಿದ್ರೆ ಸ್ಪೀಕರ್ ಕೋನ್ ಹರಿದಿದೆ ಅಂತ ಅಂಗಡಿ ಯಜಮಾನರು, ಅಂದ್ರೆ ನಮ್ಮ ಮೇಷ್ಟ್ರು, ಕಣ್ಣು ಮುಚ್ಕೊಂಡು ಹೇಳೋರು. ಟೈಟಲ್ ಮುಗೀತಿದ್ದ ಹಾಗೆ ಸೆಟ್ ಆಫ್ ಮಾಡಿ ಮುಂದಿನದಕ್ಕೆ ಕೈ ಹಾಕ್ಬೇಕು. ಆದ್ರೆ ಆಫ್ ಮಾಡ್ತಿರಲಿಲ್ಲ, ಮೇಷ್ಟ್ರೂ ಬೈತಿರಲಿಲ್ಲ.

ಒಂದು ದಿನದ್ದು ಹೇಳ್ಲೇಬೇಕು. ಒಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್ ಮನೆಗೆ ಸೆಟ್ ನೋಡೋಕೆ ಹೋಗಿದ್ದೆ, ಪಿಕ್ಚರ್ ಮೇಲಿಂದ ಕೆಳಕ್ಕೆ ಉರುಳ್ತಾ ಇತ್ತು. ಹಿಂದಿನ ಕವರ್ ಬಿಚ್ಚಿ ಕೈ ಒಳಗೆ ಹಾಕಿ ನಿಲ್ಲಿಸಿದೆ, ನಿಂತ್ಕೊಂತು, ಅಷ್ಟರಲ್ಲಿ ಮಾಲ್ಗುಡಿ ಶುರುವಾಯ್ತು, ಅವತ್ತಿಂದು ಪೋಸ್ಟ್‌ಮ್ಯಾನ್ ಕಥೆನೇ. ಕಥೆ ಗೊತ್ತಿರ್ಬಹುದು ನಿಮಗೆ, ತಾನಪ್ಪ ಅಂತ ಪೋಸ್ಟ್‌ಮ್ಯಾನು, ಒಂದು ಮನೆಯಲ್ಲಿ ಮಗಳ ಮದುವೆ, ಆ ಮುಹೂರ್ತ ತಪ್ಪಿದ್ರೆ ಗಂಡು ಕೈಬಿಟ್ಟು ಹೋಗುತ್ತೆ, ಅದೇ ಟೈಮಿಗೆ ನೆಂಟರು ಸೀರಿಯಸ್ ಅಂತ ಕಾರ್ಡು, ಆಮೇಲೆ ತೀರ್ಕೊಂಡ್ರು ಅಂತ ಟೆಲಿಗ್ರಾಂ. ತಾನಪ್ಪ ಎರಡನ್ನೂ ಕೊಡದೆ ಇಟ್ಕೊಂಡು ಮದುವೆ ಆದ್ಮೇಲೆ ತಂದು ಕೊಡ್ತಾನೆ. ಹಿಂದೀಲಿ ನಡೀತಿದೆ. ಆ ಮನೆಯಲ್ಲಿ ಯಾರಿಗೂ ಹಿಂದಿ ಬರಲ್ಲ, ನಂಗೂ ಅಷ್ಟಕ್ಕಷ್ಟೇ. ಯಜಮಾನರು ನೆಟ್ಟ ಕಣ್ಣಲ್ಲಿ ನೋಡ್ತಾ ಇದ್ದವರು ಟೆಲಿಗ್ರಾಂ ಜೇಬಿಗೆ ಹೋದ ತಕ್ಷಣ 'ಏಯ್, ಇದು ಸಸ್ಪೆಂಡ್ ಆಗೋ ಕೇಸು!' ಅಂದ್ರು. ಹೆಂಡತಿ 'ಸುಮ್ನೆ ನೋಡ್ರೀ' ಅಂದ್ರು. ಆಮೇಲೆ ಅವರು ಮಾತಾಡಲಿಲ್ಲ. ಮುಗಿದ ಮೇಲೂ ನ್ಯೂಸ್ ಬರೋತನಕ ಹಂಗೇ ಕೂತಿದ್ರು. ನಾನು ಕವರ್ ಹಾಕ್ಲಾ ಅಂತ ಎರಡು ಸಲ ಕೇಳಿದೆ.

ಅವತ್ತು ನಂಗೆ ಹೊಳೆದಿದ್ದು ಇಷ್ಟು. ಭಾಷೆ ಬರದ ಮನೆಯಲ್ಲಿ, 14 ಇಂಚಿನ ಕಪ್ಪು ಬಿಳುಪು ಡಬ್ಬದಲ್ಲಿ, ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಒಬ್ಬ ಮನುಷ್ಯನಿಗೆ ಅವನದೇ ನೌಕರಿ ತೋರಿಸಿ ಬಾಯಿ ಕಟ್ಟಿಸೋದು ಅಂದ್ರೆ ಅದು ನಟನೆ ಒಂದರಿಂದ ಆಗಲ್ಲ, ಹಿಂದೆ ನಿಂತವನು ಏನು ತೋರಿಸ್ಬೇಕು, ಎಷ್ಟು ಹೊತ್ತು ತೋರಿಸ್ಬೇಕು, ಎಲ್ಲಿ ಸುಮ್ನಿರ್ಬೇಕು ಅಂತ ಲೆಕ್ಕ ಹಾಕಿದಾನೆ. ಆಗ ಭಾನುವಾರ ಟಿವಿಯಲ್ಲಿ ಸಿನಿಮಾ ಬಂದ್ರೆ ನಾವು ರಿಪೇರಿ ಹುಡುಗರು ಬೈಕೊಳ್ತಿದ್ವಿ, ಯಾಕಂದ್ರೆ ದೊಡ್ಡ ಪರದೆಗೆ ತೆಗೆದಿದ್ದು ಡಬ್ಬದಲ್ಲಿ ಇರುವೆ ಹರಿದ ಹಾಗೆ ಕಾಣೋದು, ಕಸ್ಟಮರ್ ಬಂದು ನಿಮ್ಮ ರಿಪೇರಿ ಸರಿ ಇಲ್ಲ ಅನ್ನೋದು. ಮಾಲ್ಗುಡಿ ಬಗ್ಗೆ ಒಬ್ಬರೂ ಹಂಗೆ ಕಂಪ್ಲೇಂಟ್ ತಂದಿಲ್ಲ. ಮುಖ ಮುಖದ ಹಾಗೆ ಕಾಣ್ತಿತ್ತು. ಜಗಲಿ, ಕಂಬ, ತೊಟ್ಟಿ, ಹೊಗೆ ಹಿಡಿದ ಅಡುಗೆಮನೆ ಬಾಗಿಲು, ಎಲ್ಲ ಮುಖಕ್ಕೆ ಹತ್ತಿರ ಹತ್ತಿರ. ಸಿನಿಮಾದಿಂದ ಬಂದವನು ಟಿವಿ ಅಳತೆಗೆ ಕಣ್ಣು ಬದಲಾಯಿಸ್ಕೊಂಡಿದ್ದ ಅನ್ನೋದು ನನ್ನ ಅಭಿಪ್ರಾಯ, ಇದನ್ನ ಯಾವ ಪುರವಣಿಯಲ್ಲೂ ನಾನು ಓದಿಲ್ಲ.

ಆ ಸೀರಿಯಲ್ಲನ್ನ ಅವರು ಮಾಡಿದ ರೀತಿನೂ ನೋಡಿ. ಆರ್.ಕೆ. ನಾರಾಯಣ್ ಮೈಸೂರಲ್ಲಿ ಕೂತು ಇಂಗ್ಲಿಷಲ್ಲಿ ಬರೆದ ಇಲ್ಲದ ಊರು. ಆ ನಾರಾಯಣ್ ಸಿನಿಮಾದವರಿಂದ ಒಂದ್ಸಲ ಕೈ ಸುಟ್ಕೊಂಡವರು, ಗೈಡ್ ಕಾದಂಬರಿಯನ್ನ ಹಿಂದೀಲಿ ತೆಗೆದ ರೀತಿ ಅವರಿಗೆ ಹಿಡಿಸಿರಲಿಲ್ಲ, ಅದರ ಬಗ್ಗೆ ಲೇಖನನೇ ಬರೆದಿದ್ರು. ಅಂಥವರ ಕಥೆ ತಗೊಂಡು, ಟಿ.ಎಸ್. ನರಸಿಂಹನ್ ದುಡ್ಡು ಹಾಕಿ, ಶಂಕರನಾಗ್ ಸೀದಾ ಆಗುಂಬೆಗೆ ಹೋದ್ರು. ಮದ್ರಾಸಲ್ಲೋ ಬೊಂಬಾಯಲ್ಲೋ ಸೆಟ್ ಹಾಕ್ಬಹುದಿತ್ತು. ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳೋ ಊರಿಗೆ ಕ್ಯಾಮೆರಾ ಹೊತ್ಕೊಂಡು ಹೋಗೋದು ಯಾವ ಲೆಕ್ಕಾಚಾರದ ಮನುಷ್ಯನೂ ಮಾಡೋ ಕೆಲಸ ಅಲ್ಲ. ಅಲ್ಲಿ ದೊಡ್ಡಮನೆ ಅಂತ ಹಳೇ ಮನೆ, ಅದೇ ಕಥೆಯ ಹುಡುಗ ಸ್ವಾಮಿಯ ಮನೆ ಆಯ್ತು. ಕ್ಯಾಮೆರಾ ಎಸ್. ರಾಮಚಂದ್ರ. ಕಲಾ ನಿರ್ದೇಶನ ಜಾನ್ ದೇವರಾಜ್. ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್. ಮಿಠಾಯಿ ಮಾರೋ ಜಗನ್ ಆಗಿ ಅನಂತನಾಗ್. ಅಷ್ಟೊತ್ತಿಗೆ ಸ್ಟಾರ್ ಆಗಿದ್ದ ವಿಷ್ಣುವರ್ಧನ್ ಬಂದು ಒಂದು ಎಪಿಸೋಡಲ್ಲಿ ತಿಂಗಳಿಗೆ 45 ರೂಪಾಯಿ ಸಂಬಳದ ಗುಮಾಸ್ತ ಆಗಿ ಹೋದ್ರು, ಮಗಳನ್ನ ಸಿನಿಮಾಗೆ ಕರ್ಕೊಂಡು ಹೋಗೋಕೂ ಟೈಮ್ ಸಿಗದ ಅಪ್ಪ. ಹಿಂದಿ ಮಾತಾಡೋ ದೇಶಕ್ಕೆಲ್ಲ ಆ ಮುಖಗಳು ಹಿಂದಿಯವಲ್ಲ ಅಂತ ಗೊತ್ತಾಗ್ತಿತ್ತು, ಆದ್ರೂ ನೋಡಿದ್ರು. ಮೊದಲಿನ 39 ಎಪಿಸೋಡು ಶಂಕರನಾಗ್‌ದು, ಎಷ್ಟೋ ವರ್ಷ ಆದ್ಮೇಲೆ 2006ರಲ್ಲಿ ಕವಿತಾ ಲಂಕೇಶ್ ಇನ್ನೊಂದಷ್ಟು ಮಾಡಿದ್ರು.

ತಮಾಷೆ ಏನಂದ್ರೆ ಕನ್ನಡದವರೇ ಮಾಡಿದ, ಕನ್ನಡದ ಮಳೆಯಲ್ಲಿ ನೆಂದ ಆ ಸೀರಿಯಲ್ಲು ಕನ್ನಡಕ್ಕೆ ಡಬ್ ಆಗಿ ನಮ್ಮ ಖಾಸಗಿ ಚಾನೆಲ್ಲಲ್ಲಿ ಬಂದಿದ್ದು ಲಾಕ್‌ಡೌನ್ ಟೈಮಲ್ಲಿ, ಶೂಟಿಂಗ್ ನಿಂತು ತೋರಿಸೋಕೆ ಬೇರೇನೂ ಇಲ್ಲದಾಗ. ನಾನು ಮತ್ತೆ ನೋಡಿದೆ. ಈ ಸಲ 43 ಇಂಚು, ಕಲರ್ರು. ಗೆರೆ ನೆಟ್ಟಗಿತ್ತು.

ಸರಿ, ಈಗ ಸಿನಿಮಾಗೆ ಬರ್ತೀನಿ. ಶಂಕರನಾಗ್ ಹುಟ್ಟಿದ್ದು 1954, ಉತ್ತರ ಕನ್ನಡ. ಬೊಂಬಾಯಲ್ಲಿ ಬ್ಯಾಂಕ್ ನೌಕರಿ, ಜೊತೆಗೆ ಮರಾಠಿ ನಾಟಕ. ಪುಣೆಯ ಪ್ಲೇಗ್ ಕಾಲದ ಕಥೆ ಇಟ್ಕೊಂಡು ಬಂದ '22 ಜೂನ್ 1897' ಅನ್ನೋ ಮರಾಠಿ ಸಿನಿಮಾದ ಬರವಣಿಗೆಯಲ್ಲೂ ಅವರ ಕೈ ಇದೆ. ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಮೂಲಕ 1978ರಲ್ಲಿ ನಟ ಆದ್ರು, ದೆಹಲಿ ಚಿತ್ರೋತ್ಸವದಲ್ಲಿ ಉತ್ತಮ ನಟ ಅಂತ ಪ್ರಶಸ್ತಿನೂ ಬಂತು. ಇದೆಲ್ಲ ನಿಮ್ಮ ಲೇಖನದಲ್ಲೂ ಇದೆ. ಇಲ್ಲದ್ದು ಏನಂದ್ರೆ, ನಟ ಆದ ಎರಡೇ ವರ್ಷಕ್ಕೆ, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿಗೆ ಈ ಮನುಷ್ಯ ಡೈರೆಕ್ಟರ್ ಕುರ್ಚಿಯಲ್ಲಿ ಕೂತು ಮಿಂಚಿನ ಓಟ ಮಾಡ್ತಾನೆ. ಕಾರ್ ಕಳ್ಳರ ಕಥೆ, ಜೈಲು, ಜೈಲಿಂದ ತಪ್ಪಿಸ್ಕೊಳ್ಳೋದು. ಅಣ್ಣ ಅನಂತನಾಗ್, ತಮ್ಮ ಶಂಕರನಾಗ್ ಇಬ್ಬರೂ ಇದಾರೆ, ಲೋಕನಾಥ್ ಇದಾರೆ. ಈಗ ನೋಡಿದ್ರೂ ಜೈಲಿನ ಭಾಗದಲ್ಲಿ ನಾನು ಕುರ್ಚಿ ತುದಿಗೆ ಬರ್ತೀನಿ, ಕೊನೆ ಗೊತ್ತಿದ್ರೂ. ರಾಜ್ಯ ಪ್ರಶಸ್ತಿ ಬಾಚ್ಕೊಂಡು ಬಂತು ಅದು.

ಮಾಮೂಲಿ ಡೈರೆಕ್ಟರ್ ಆಗಿದ್ರೆ ಮುಂದೆ ಇನ್ನೊಂದು ಕಳ್ಳರ ಸಿನಿಮಾ ಮಾಡ್ತಿದ್ದ. ಇವರು ಅದೇ ವರ್ಷ ಜನ್ಮ ಜನ್ಮದ ಅನುಬಂಧ ಅಂತ ಪುನರ್ಜನ್ಮದ ಕಥೆಗೆ ಹೋದ್ರು, 'ತಂಗಾಳಿಯಲ್ಲಿ ನಾನು' ಹಾಡು ಬಂದಿದ್ದು ಅದ್ರಲ್ಲೇ. ಮರುವರ್ಷ ಗೀತಾ. ಇಳಯರಾಜ ಅವರ 'ಜೊತೆಯಲಿ ಜೊತೆ ಜೊತೆಯಲಿ' ಇವತ್ತೂ ಮದುವೆ ಮನೆಯಲ್ಲಿ ಹಾಡ್ತಾರೆ, ಆ ಸಿನಿಮಾದ ಹುಡುಗಿಗೆ ಬ್ಲಡ್ ಕ್ಯಾನ್ಸರ್ ಅನ್ನೋದು ಮರೆತು ಹಾಡ್ತಾರೆ, ನಮ್ಮ ಅಣ್ಣನ ಮಗನ ರಿಸೆಪ್ಷನ್ನಲ್ಲೂ ಆರ್ಕೆಸ್ಟ್ರಾದವರು ಎರಡು ಸಲ ಹಾಡಿದ್ರು, ನಾನು ಅನ್ನ ಸಾರು ಕಲಸ್ಕೊಂಡು ಸುಮ್ನಿದ್ದೆ. ಆಮೇಲೆ ಅಂಬರೀಶ್ ಇಟ್ಕೊಂಡು ಹೊಸ ತೀರ್ಪು, ಅದು ಹಿಂದಿಯ ಕಥೆ, ಅದ್ರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ.

ಆಕ್ಸಿಡೆಂಟ್ ಸಿನಿಮಾ ಬಗ್ಗೆ ಮಾತ್ರ ಹೇಳೋಕಿದೆ. ನಿಮ್ಮ ಲೇಖನದಲ್ಲಿ ಆ ಹೆಸರು ಬಂದಿರೋದು ಒಂದೇ ಸಾಲಲ್ಲಿ, ಅದೂ 'ಆಕ್ಸಿಡೆಂಟ್ ತೆಗೆದವರು ಆಕ್ಸಿಡೆಂಟಲ್ಲೇ' ಅನ್ನೋ ಅದೇ ಹಳಸಿದ ಸಾಲು. ದಯವಿಟ್ಟು ಅದನ್ನ ಬಿಟ್ಬಿಡಿ. ಸತ್ತವರ ಮನೆ ಮುಂದೆ ನಿಂತು ಪದದ ಆಟ ಆಡಬಾರದು. ಸಿನಿಮಾ ನೋಡಿ. ರಾಜಕಾರಣಿಯ ಮಗ, ನಶೆಯಲ್ಲಿ ರಾತ್ರಿ ಕಾರ್ ಓಡಿಸ್ತಾ ಫುಟ್‌ಪಾತಲ್ಲಿ ಮಲಗಿದ್ದ ಕೂಲಿ ಜನರ ಮೇಲೆ ಹತ್ತಿಸ್ತಾನೆ, ಆಮೇಲೆ ಪೊಲೀಸು, ಫೋನು, ದುಡ್ಡು, ಎಲೆಕ್ಷನ್ನು, ಒಬ್ಬ ಪತ್ರಕರ್ತ. ಆ ಪತ್ರಕರ್ತ ಶಂಕರನಾಗೇ. ಅಪ್ಪ ರಾಜಕಾರಣಿ ಸ್ವಂತ ಅಣ್ಣ ಅನಂತನಾಗ್, ಮೈ ಉರಿಯೋ ಹಂಗೆ ಮಾಡಿದಾರೆ. ಇಳಯರಾಜ ಮ್ಯೂಸಿಕ್ಕು, ಆದ್ರೆ ಒಂದು ಹಾಡೂ ಇಲ್ಲ. ಸ್ವಲ್ಪ ಯೋಚನೆ ಮಾಡಿ, ಗೀತಾದಂಥ ಹಾಡು ಕೊಟ್ಟವರು ಪಕ್ಕದಲ್ಲಿ ಕೂತಿದ್ದಾಗ, ಇದಕ್ಕೆ ಹಾಡು ಬೇಡ ಅಂತ ಹೇಳೋಕೆ ಡೈರೆಕ್ಟರಿಗೆ ಎಷ್ಟು ಗಟ್ಟಿ ಇರ್ಬೇಕು. ಕ್ಯಾಸೆಟ್ ಮಾರಾಟದ ದುಡ್ಡೇ ಹೋಯ್ತಲ್ಲ! ಆ ಸಿನಿಮಾಗೆ 1984ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಸಾಮಾಜಿಕ ಸಮಸ್ಯೆ ಕುರಿತ ಚಿತ್ರಗಳ ವಿಭಾಗದಲ್ಲಿ. ಅದಾದ್ಮೇಲೆ ಈ ದೇಶದ ಬೇರೆ ಬೇರೆ ಊರಲ್ಲಿ ಫುಟ್‌ಪಾತ್ ಮೇಲೆ ಕಾರ್ ಹತ್ತಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿದೀನಿ, ಪ್ರತಿ ಸಲ ನನಗೆ ಸಿನಿಮಾದ ಮುಂದಿನ ಸೀನ್ ಯಾವ್ದು ಬರುತ್ತೆ ಅಂತ ಮೊದಲೇ ಗೊತ್ತಿರ್ತಿತ್ತು.

ಇಷ್ಟೆಲ್ಲ ಮಾಡೋಕೆ ದುಡ್ಡು ಎಲ್ಲಿಂದ ಅಂತ ಕೇಳ್ಬೇಕು. ಇಲ್ಲೇ ಆಟೋರಾಜ ಬರೋದು. ಹನ್ನೆರಡು ವರ್ಷದಲ್ಲಿ ಎಂಬತ್ತು ಚಿಲ್ಲರೆ ಸಿನಿಮಾದಲ್ಲಿ ನಟನೆ, ಲೆಕ್ಕ ಹಾಕಿದ್ರೆ ಎರಡು ತಿಂಗಳಿಗೆ ಒಂದಕ್ಕಿಂತ ಜಾಸ್ತಿ. ಅದ್ರಲ್ಲಿ ಒಳ್ಳೇದೂ ಇದೆ, ಕಣ್ಣಲ್ಲಿ ನೋಡೋಕಾಗದ್ದೂ ಇದೆ, ಅಭಿಮಾನಿಗಳು ಬೈದ್ರೂ ಪರವಾಗಿಲ್ಲ. ಒಂದು ಕೈಯಲ್ಲಿ ಹೊಡೆದಾಟದ ಸಿನಿಮಾಗೆ ಡೇಟ್ ಕೊಡೋದು, ಇನ್ನೊಂದು ಕೈಯಲ್ಲಿ ಸಂಕೇತ್ ತಂಡದ ನಾಟಕ, ಬೆಂಗಳೂರಲ್ಲಿ ಸಂಕೇತ್ ಅಂತ ರೆಕಾರ್ಡಿಂಗ್ ಸ್ಟುಡಿಯೋ. ಅಷ್ಟೊತ್ತಿನವರೆಗೆ ಕನ್ನಡ ಸಿನಿಮಾದವರು ದನಿ ಹಿಡಿಸೋಕೆ ಮದ್ರಾಸ್ ರೈಲು ಹತ್ತಬೇಕಿತ್ತು. ನಮ್ಮ ಲೈನಲ್ಲೂ ಹಂಗೇ, ಸ್ವಂತ ಆಂಪ್ಲಿಫೈಯರ್ ಡಿಸೈನ್ ಮಾಡೋ ಹುಚ್ಚು ಇದ್ದೋನು ಬೆಳಗಿಂದ ಸಂಜೆ ತನಕ ಬೇರೆಯವರ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡ್ತಾನೆ, ರಾತ್ರಿ ಹತ್ತರ ಮೇಲೆ ತನ್ನ ಬೋರ್ಡ್ ತೆಗೀತಾನೆ. ನೀವು ಆ ಮಿಕ್ಸಿ ಫೋಟೋನೇ ಹಾಕಿ ಇವನ ಸಾಧನೆ ಅಂತ ಬರೆದ್ರೆ ಅವನಿಗೆ ಹೆಂಗಾಗ್ಬೇಕು ಹೇಳಿ.

ಅವರ ಎಲ್ಲ ನಿರ್ದೇಶನವೂ ಅದ್ಭುತ ಅಂತ ನಾನು ಹೇಳ್ತಿಲ್ಲ. 1987ರಲ್ಲಿ ರಾಜಕುಮಾರ್ ಅವರನ್ನ ಹಾಕ್ಕೊಂಡು ಒಂದು ಮುತ್ತಿನ ಕಥೆ ಮಾಡಿದ್ರು, ಮುತ್ತು ಹುಡುಕೋ ಬಡವನ ಕಥೆ, ಸ್ಟೈನ್‌ಬೆಕ್ ಕಾದಂಬರಿಯದು, ಸಮುದ್ರದೊಳಗೆ ಇಳಿದು ಶೂಟ್ ಮಾಡಿದ್ರು. ನಾನು ಟಾಕೀಸಲ್ಲೇ ನೋಡಿದೀನಿ. ಜನ ಅಣ್ಣಾವ್ರು ಹಾಡಿ ಹೊಡೆದು ಗೆಲ್ತಾರೆ ಅಂತ ಬಂದಿದ್ರು, ಮುತ್ತು ಸಿಕ್ಕ ಮೇಲೆ ಕಷ್ಟ ಜಾಸ್ತಿ ಆಗೋ ಕಥೆ ಅವರಿಗೆ ಒಗ್ಗಲಿಲ್ಲ. ನನಗೂ ಪೂರ್ತಿ ಒಗ್ಗಲಿಲ್ಲ, ನಿಜ ಹೇಳ್ಬೇಕಂದ್ರೆ ನೀರಿನ ಒಳಗಿನ ಸೀನಲ್ಲಿ ಬಾಯಿ ಬಿಟ್ಕೊಂಡು ಕೂತಿದ್ದೋನು ದಡಕ್ಕೆ ಬಂದ ಮೇಲೆ ಆಕಳಿಸಿದೆ. ಆದ್ರೆ ಆ ಕಾಲದಲ್ಲಿ, ಅಂಥ ದೊಡ್ಡ ಹೀರೋ ಕಾಲ್‌ಶೀಟ್ ಸಿಕ್ಕಾಗ, ಗೆಲ್ಲೋ ಫಾರ್ಮುಲಾ ಬಿಟ್ಟು ಸೋಲೋ ಮನುಷ್ಯನ ಕಥೆ ತಗೊಂಡ್ರಲ್ಲ ಅದನ್ನಾದ್ರೂ ಬರೀರಿ. ಸೋತ ಸಿನಿಮಾದಿಂದ್ಲೂ ಡೈರೆಕ್ಟರ್ ಏನು ಅಂತ ಗೊತ್ತಾಗುತ್ತೆ.

1990 ಸೆಪ್ಟೆಂಬರ್ 30, ಅವತ್ತು ಭಾನುವಾರ. ಜೋಕುಮಾರಸ್ವಾಮಿ ಶೂಟಿಂಗಿಗೆ ಅಂತ ಬೆಂಗಳೂರಿಂದ ಹೊರಟಿದ್ರು, ನಮ್ಮೂರ ಹತ್ತಿರ ಆನಗೋಡಿನಲ್ಲಿ ಬೆಳಗಿನ ಜಾವ ಕಾರು ಲಾರಿಗೆ ಡಿಕ್ಕಿ. ಮೂವತ್ತಾರು ತುಂಬೋಕೆ ಇನ್ನೂ ನಲವತ್ತು ದಿನ ಇತ್ತು. ಭಾನುವಾರ ನಮ್ಮ ಅಂಗಡಿಗೆ ಜೋರು ವ್ಯಾಪಾರ, ರಜೆ ದಿನ ಟಿವಿ ಇಲ್ದೆ ಜನಕ್ಕೆ ಆಗಲ್ಲ, ಎಂಟು ಗಂಟೆಗೇ ಶಟರ್ ಎತ್ತಿದ್ವಿ. ಪಕ್ಕದ ಹೋಟೆಲಿನವನು ಬಂದು ಹೇಳಿದ. ಮೇಷ್ಟ್ರು ನಂಬಲಿಲ್ಲ, ಅವನಿಗೆ ಬೈದ್ರು, ಬಿಟ್ಟಿ ಸುದ್ದಿ ತರಬೇಡ ಅಂತ. ಆಮೇಲೆ ರಸ್ತೆಯಲ್ಲಿ ಸೈಕಲ್ಲು, ಸ್ಕೂಟರ್ ಎಲ್ಲ ಹೈವೇ ಕಡೆ ಹೋಗ್ತಿದ್ದಿದ್ದು ಕಾಣಿಸ್ತು. ನಾನು ಹೋಗಲಿಲ್ಲ. ಬೆಂಚ್ ಮೇಲೆ ಒಂದು ಸೆಟ್ ಬಿಚ್ಚಿಟ್ಟಿತ್ತು, ಅದರ ಸ್ಕ್ರೂಗಳನ್ನ ಒಂದು ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಿದ್ದು ಮಾತ್ರ ನೆನಪಿದೆ. ಈಗಲೂ ಬೆಂಗಳೂರು ಬಸ್ಸಲ್ಲಿ ಹೋಗುವಾಗ ಆನಗೋಡು ಬಂದ್ರೆ ಕಿಟಕಿ ಕಡೆ ತಿರುಗ್ತೀನಿ, ರಸ್ತೆ ಅಗಲ ಆಗಿ ಎಲ್ಲ ಗುರುತೇ ಸಿಗಲ್ಲ.

ಹೋದ ವರ್ಷ ಮೊಮ್ಮಗಳನ್ನ ಕರ್ಕೊಂಡು ಅರಸಾಳಿಗೆ ಹೋಗಿದ್ದೆ. ಶಿವಮೊಗ್ಗದಿಂದ ತಾಳಗುಪ್ಪ ಲೈನಲ್ಲಿ ಬರೋ ಚಿಕ್ಕ ಸ್ಟೇಷನ್ನು, ಮಾಲ್ಗುಡಿ ಸ್ಟೇಷನ್ ಅಂತ ತೋರಿಸಿದ್ದು ಅದನ್ನೇ. ಪಾಳು ಬಿದ್ದಿದ್ದ ಹಳೇ ಕಟ್ಟಡವನ್ನ ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದಾರೆ, ಅದೇ ಜಾನ್ ದೇವರಾಜ್ ಅವರ ಕೈಯಲ್ಲಿ. ಚೆನ್ನಾಗಿದೆ, ಹೋಗ್ಬನ್ನಿ. ಅಲ್ಲಿ ಒಂದು ಹುಡುಗರ ಗುಂಪು ಸೆಲ್ಫಿ ತಗೋತಾ ಇತ್ತು, ಅದ್ರಲ್ಲೊಬ್ಬ ಶಂಕರನಾಗ್ ಫೋಟೋ ನೋಡಿ ಗೆಳೆಯನ್ನ ಕೇಳ್ದ, 'ಮಗಾ, ಆಟೋರಾಜ ಇಲ್ಲಿ ಶೂಟಿಂಗ್ ಆಗಿತ್ತಾ?' ಗೆಳೆಯ ಅಂದ, 'ಇಲ್ಲ ಮಗಾ, ಇವರು ಈ ಸೀರಿಯಲ್ಲಲ್ಲಿ ಆಕ್ಟ್ ಮಾಡಿದ್ರಂತೆ.' ಆಕ್ಟೂ ಮಾಡಿದಾರೆ, ಸುಳ್ಳಲ್ಲ. ನಾನು ಮಧ್ಯೆ ಬಾಯಿ ಹಾಕಿ ಡೈರೆಕ್ಟರ್ ಕಣ್ರಪ್ಪಾ ಅಂದೆ. 'ಓ ಹೌದಾ ಅಂಕಲ್' ಅಂದು ಇನ್ನೊಂದು ಸೆಲ್ಫಿ ತಗೊಂಡ್ರು. ಮೊಮ್ಮಗಳು ನನ್ನ ಶರ್ಟ್ ಎಳೆದು 'ತಾತ, ಡೈರೆಕ್ಟರ್ ಅಂದ್ರೆ ಏನ್ ಮಾಡ್ತಾರೆ' ಅಂತ ಕೇಳಿದ್ಲು. ಎಲ್ಲ ಮಾಡ್ತಾರೆ ಪುಟ್ಟಿ ಆದ್ರೆ ಕಾಣಿಸಲ್ಲ ಅಂದೆ. 'ಹಂಗಾದ್ರೆ ಕರೆಂಟ್ ಥರನಾ' ಅಂದ್ಲು, ರಿಪೇರಿ ಮನೆ ಕೂಸಲ್ವಾ.

ಸಂಪಾದಕರೇ, ನಾನು ಕೇಳ್ತಿರೋದು ದೊಡ್ಡದೇನಲ್ಲ. ಮುಂದಿನ ನವೆಂಬರ್ 9ಕ್ಕೆ ಮತ್ತೆ ಪುಟ ತೆಗೀತೀರಲ್ಲ, ಆವಾಗ ಮೆಟ್ರೋ ಬಿಟ್ಬಿಡಿ. ಅದು 2011ರಲ್ಲೇ ಬಂತು, ಓಡ್ತಾ ಇದೆ, ನಾನೂ ಹತ್ತಿದೀನಿ. ಅದರ ಬದಲು ಅವರ ಜೊತೆ ಕೆಲಸ ಮಾಡಿದವರು ಇನ್ನೂ ಇದಾರೆ, ನಟರು, ಕಲಾ ನಿರ್ದೇಶಕರು, ಜೆ.ಪಿ. ನಗರದಲ್ಲಿ ರಂಗಶಂಕರ ಅನ್ನೋ ನಾಟಕಮಂದಿರ ಕಟ್ಟಿ ನಡೆಸಿದ ಅವರ ಹೆಂಡತಿ ಅರುಂಧತಿ ನಾಗ್ ಅವರು. ಒಬ್ಬ ರಿಪೋರ್ಟರನ್ನ ಕಳಿಸಿ. ಆಗುಂಬೆ ಮಳೆಯಲ್ಲಿ ಲೈಟ್ ಹೆಂಗೆ ಹಿಡಿದ್ರು, ಚಿಕ್ಕ ಹುಡುಗನಿಗೆ ಸೀನ್ ಹೆಂಗೆ ಹೇಳ್ಕೊಡ್ತಿದ್ರು (ಆ ಹುಡುಗನಿಗೆ ಸ್ವಾಮಿ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಇದೂ ನಿಮ್ಮ ಲೇಖನದಲ್ಲಿಲ್ಲ), ಒಂದೇ ಕಥೆಯನ್ನ ಹಿಂದೀಲೂ ಇಂಗ್ಲಿಷಲ್ಲೂ ಶೂಟ್ ಮಾಡುವಾಗ ಯಾವುದನ್ನ ಮೊದಲು ತೆಗೀತಿದ್ರು, ಇಂಥದ್ದು ಕೇಳಿ ಬರೀರಿ. ಫಿಲಂ ರೋಲ್ ಉಳಿಸೋಕೆ ಏನು ಮಾಡ್ತಿದ್ರು ಅಂತ ಕೇಳಿ. ನಂಗೆ ಅದು ತಿಳ್ಕೊಳ್ಳೋ ಆಸೆ ಇದೆ, ನನ್ನಂಥವರು ನಿಮ್ಮ ಓದುಗರಲ್ಲಿ ಇನ್ನೂ ನಾಲ್ಕು ಜನ ಇರ್ಬಹುದು.

ಅಲ್ಲಿತನಕ ಒಂದು ತಿದ್ದುಪಡಿ ಹಾಕಿ, ಕೊನೇ ಪುಟದ ಮೂಲೆಯಲ್ಲಿ, ಚಿನ್ನ ಬೆಳ್ಳಿ ರೇಟಿನ ಕೆಳಗೆ ಚಿಕ್ಕ ಅಕ್ಷರದಲ್ಲಾದ್ರೂ ಸೈ. ಆಟೋರಾಜ ನಿರ್ದೇಶಕರು ವಿಜಯ್. ಎಸ್.ಪಿ. ಸಾಂಗ್ಲಿಯಾನ ನಿರ್ದೇಶಕರು ಪಿ. ನಂಜುಂಡಪ್ಪ. ಅವರೂ ಡೈರೆಕ್ಟರುಗಳೇ, ಅವರ ಹೆಸರನ್ನೂ ನೀವು ನುಂಗಿದೀರ.

ಇಂತಿ ನಿಮ್ಮ ಹಳೇ ಓದುಗ,
ಒಬ್ಬ ಟಿವಿ ಮೆಕ್ಯಾನಿಕ್, ದಾವಣಗೆರೆ